ಫಸ್ಟ್ ಕಾಪಿ ವಾಚ್ ತರಿಸಬೇಕೇ? ದುಡ್ಡು ಕಳಿಸುವ ಮುನ್ನ ನೋಡಬೇಕಾದ ಸಂಗತಿಗಳು

ರೋಲೆಕ್ಸ್ ಸಬ್‌ಮರೀನರ್ ಹೆಸರಿನ ವಾಚ್, ಹಸಿರು ಬಾಕ್ಸ್ ಸಮೇತ, 2,999 ರೂಪಾಯಿ. ಮೊಬೈಲ್‌ನಲ್ಲಿ ಇಂಥ ಜಾಹೀರಾತು ನೋಡಿ ತರಿಸಲೋ ಬೇಡವೋ ಎಂದು ಯೋಚಿಸುತ್ತಿರುವ ಚಿಕ್ಕಮಗಳೂರು ಕಡೆಯವರಿಗಾಗಿ ಈ ಬರಹ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಇನ್ನೊಂದು ಕಂಪನಿಯ ಹೆಸರು ಹಾಕಿಕೊಂಡ ನಕಲಿ ವಾಚ್, ಅಂದರೆ ಫಸ್ಟ್ ಕಾಪಿ, ಬೇಡ. ಆದರೆ ಬರೀ ‘ಬೇಡ’ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕೆಂದೂ ಇಲ್ಲ. ಒಂದು ಪ್ರಶ್ನೆ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ. ಕೆಟ್ಟ ದಿನ ಈ ವಾಚಿನ ಹಿಂಬದಿ ಮುಚ್ಚಳ ಬಿಚ್ಚುವವರು ಯಾರು, ಬಿಚ್ಚಿದರೆ ಒಳಗೆ ಏನು ಸಿಗುತ್ತದೆ? ಮೂಡಿಗೆರೆ, ಕೊಪ್ಪ, ಶೃಂಗೇರಿಯ ಮಳೆಯಲ್ಲಿ ಆ ದಿನ ಬೇಗ ಬರುತ್ತದೆ.

ಹಂತ 1: ಮಾರುತ್ತಿರುವುದು ಏನು ಅಂತ ಗುರುತಿಸಿ

ಫಸ್ಟ್ ಕಾಪಿ, 7ಎ, 12ಎ, ಮಾಸ್ಟರ್ ಕ್ವಾಲಿಟಿ, ಸೂಪರ್ ಕ್ಲೋನ್. ಈ ಯಾವ ಹೆಸರಿಗೂ ಅಳತೆಗೋಲಿಲ್ಲ, ಪರೀಕ್ಷೆ ಮಾಡಿ ದರ್ಜೆ ಕೊಡುವ ಸಂಸ್ಥೆಯೂ ಇಲ್ಲ. ಮಾರುವವರು ಬೆಲೆ ಏರಿಸಲು ಇಟ್ಟುಕೊಂಡ ಹೆಸರುಗಳಿವು. ಜಾಹೀರಾತಿನ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಫೋಟೋ, ಅದೇ ಕೈ, ಅದೇ ಮೇಜು ಬೇರೆ ಬೇರೆ ಪೇಜ್‌ಗಳಲ್ಲಿ ಬೇರೆ ಬೇರೆ ದರ್ಜೆಯ ಹೆಸರಲ್ಲಿ ಸಿಕ್ಕರೆ, ಆ ಮಾಲು ಮಾರುವವರ ಕೈಯಲ್ಲೇ ಇಲ್ಲ ಅಂತ ತಿಳಿಯಿರಿ. ‘ಕಸ್ಟಮ್ಸ್‌ನವರು ಹಿಡಿದ ಮಾಲು’, ‘ಡ್ಯೂಟಿ ಫ್ರೀ ಸರ್ಪ್ಲಸ್’ ಎಂಬ ಕಥೆಗಳನ್ನೂ ನಂಬಬೇಡಿ.

ಬೆಲೆ ನಿಜವಾಗಿ ನಿಲ್ಲುವುದು ಒಳಗಿನ ಮಷೀನಿನ ಮೇಲೆ. ಸುಮಾರು ಮೂರು, ನಾಲ್ಕು ಸಾವಿರದೊಳಗಿನ ನಕಲುಗಳಲ್ಲಿ ಸೆಲ್ ಹಾಕಿದ ಕ್ವಾರ್ಟ್ಜ್ ಮಷೀನೇ ಇರುತ್ತದೆ. ಅದೃಷ್ಟವಿದ್ದರೆ ಮಿಯೋಟಾ 2035ರಂಥದ್ದು, ಇಲ್ಲದಿದ್ದರೆ ಅದರದೇ ಅಗ್ಗದ ನಕಲು. ಮಿಯೋಟಾ ಎಂದರೆ ಜಪಾನಿನ ಸಿಟಿಜನ್ ಗುಂಪಿನ ಮಷೀನು, ಮರ್ಯಾದಸ್ಥ ವಸ್ತು. ತಿಂಗಳಿಗೆ 20 ಸೆಕೆಂಡ್ ಆಚೀಚೆ ಓಡುತ್ತದೆ, 626 ನಂಬರಿನ ಒಂದು ಸೆಲ್ ಹೆಚ್ಚುಕಡಿಮೆ ಮೂರು ವರ್ಷ ಬರುತ್ತದೆ. ಅದಕ್ಕಿಂತ ಮೇಲಿನ ಬೆಲೆಯ ‘ಆಟೋಮ್ಯಾಟಿಕ್’ಗಳಲ್ಲಿ (ಸೆಲ್ ಇಲ್ಲದೆ, ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವವು) ಹೆಚ್ಚಾಗಿ ಡಿಜಿ 2813 ಎಂಬ ಚೀನಾ ಮಷೀನು ಇರುತ್ತದೆ. ಹತ್ತಾರು ಸಾವಿರದ ‘ಸೂಪರ್ ಕ್ಲೋನ್’ನಲ್ಲಿ ಸ್ವಿಟ್ಜರ್ಲೆಂಡಿನ ಇಟಿಎ 2824 ಮಷೀನಿನ ನಕಲೋ, ರೋಲೆಕ್ಸ್‌ನ ಸ್ವಂತ ಮಷೀನಿನ ನಕಲೋ ಇರಬಹುದು.

ಕೆಲವು ಸುಳ್ಳುಗಳು ಫೋಟೋದಲ್ಲೇ ಸಿಕ್ಕಿಬೀಳುತ್ತವೆ. ಸಬ್‌ಮರೀನರ್ ಯಾವತ್ತೂ ಕ್ವಾರ್ಟ್ಜ್‌ನಲ್ಲಿ ಬಂದಿಲ್ಲ. ಹಾಗಾಗಿ ವಿಡಿಯೋದಲ್ಲಿ ಸೆಕೆಂಡ್ ಮುಳ್ಳು ಒಂದೊಂದೇ ಸೆಕೆಂಡಿಗೆ ಜಿಗಿಯುತ್ತಿದ್ದರೆ ಮುಂದೆ ನೋಡುವುದೇ ಬೇಡ. ಈಗಿನ ಅಸಲಿಯ ಮುಳ್ಳು ಸೆಕೆಂಡಿಗೆ ಎಂಟು ಸಣ್ಣ ಹೆಜ್ಜೆ ಇಡುತ್ತದೆ. ಅಸಲಿ ಸಬ್‌ಮರೀನರ್‌ನ ಹಿಂಬದಿ ಗಟ್ಟಿ ಸ್ಟೀಲು, ಅಲ್ಲಿ ಗಾಜಿರುವುದಿಲ್ಲ. ಟೂರ್ಬಿಯಾನ್ ಎಂದರೆ ಬ್ಯಾಲೆನ್ಸ್ ಚಕ್ರವನ್ನೇ ಸುತ್ತಿಸುವ ದುಬಾರಿ ಏರ್ಪಾಡು. ‘ಪಾಟೆಕ್ ಫಿಲಿಪ್ ಟೂರ್ಬಿಯಾನ್’ ಅಂತ ಆರೇಳು ಸಾವಿರಕ್ಕೆ ಕೊಡುವುದರಲ್ಲಿ ಡಯಲ್‌ಗೆ ತೂತು ಕೊರೆದು ಮಾಮೂಲಿ ಬ್ಯಾಲೆನ್ಸ್ ಚಕ್ರ ತೋರಿಸಿರುತ್ತಾರೆ, ಅಷ್ಟೇ. ಡಯಲ್ ಒಳಗೆ ಮೂರು ಪುಟ್ಟ ಡಯಲ್‌ಗಳಿದ್ದರೆ, ಪಕ್ಕದ ಗುಂಡಿ ಒತ್ತಿದಾಗ ಸ್ಟಾಪ್‌ವಾಚ್ ಓಡಿ, ಮತ್ತೆ ಸೊನ್ನೆಗೆ ಬರುವುದನ್ನು ವಿಡಿಯೋದಲ್ಲಿ ತೋರಿಸಲು ಕೇಳಿ. ಎಷ್ಟೋ ನಕಲುಗಳಲ್ಲಿ ಆ ಪುಟ್ಟ ಮುಳ್ಳುಗಳು ವಾರ, ತಾರೀಖು ತೋರಿಸುತ್ತವೆ, ಇಲ್ಲವೇ ಅಲ್ಲಾಡುವುದೇ ಇಲ್ಲ. ರಾಡೋ ಡಯಾಸ್ಟಾರ್ 1962ರಲ್ಲಿ ಬಂದಾಗ ಹೆಸರು ಮಾಡಿದ್ದೇ ಗೀರು ಬೀಳದ ಕೇಸಿಗಾಗಿ. ನಕಲಿ ರಾಡೋದ ಕೇಸಿಗೆ ಬಾಗಿಲ ಚಿಲಕ ತಾಗಿದರೂ ಗೀರು ಬೀಳುತ್ತದೆ.

ಇಲ್ಲೇ ಒಂದು ವ್ಯತ್ಯಾಸ ತಿಳಿದಿರಲಿ. ರೂಪ ರೋಲೆಕ್ಸ್‌ನದಾದರೂ ಡಯಲ್ ಮೇಲೆ ತನ್ನದೇ ಹೆಸರಿರುವ ವಾಚುಗಳಿವೆ, ಇವನ್ನು ಹೋಮೇಜ್ ಅನ್ನುತ್ತಾರೆ. ಇನ್ವಿಕ್ಟಾ 8926, ಪಗಾನಿ ಡಿಸೈನ್ ಇಂಥವು. ಇವು ಕಳ್ಳ ಮಾಲಲ್ಲ. ಇವುಗಳ ಬಗ್ಗೆ ಕೊನೆಗೆ ಹೇಳುತ್ತೇವೆ.

ಹಂತ 2: ಕಾನೂನು ಎಲ್ಲಿ ತಾಗುತ್ತದೆ

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಕಲಂ ಪ್ರಕಾರ ಸುಳ್ಳು ಮುದ್ರೆ ಹಾಕುವವರಿಗೆ, ಅಂಥ ಮಾಲು ಮಾರುವವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕೈಗೆ ಕಟ್ಟಲು ಒಂದು ವಾಚ್ ತರಿಸಿದವರನ್ನು ಈ ಕಲಂಗಳು ಗುರಿ ಮಾಡಿಲ್ಲ. ಆದರೆ ಬೇಸರವಾಗಿ ಅದನ್ನೇ ಸೆಕೆಂಡ್ ಹ್ಯಾಂಡ್ ಅಂತ ಮಾರಲು ಹೊರಟರೆ ಆಗ ಮಾರುವವರು ನೀವೇ. ಹಾಗಾಗಿ ಲೆಕ್ಕ ಹಾಕುವಾಗ ಮರುಮಾರಾಟದ ಬೆಲೆಯ ಜಾಗದಲ್ಲಿ ಸೊನ್ನೆ ಬರೆಯಿರಿ. ಐದು ಸಾವಿರದ ನಕಲಿಗೂ ಐವತ್ತು ಸಾವಿರದ ನಕಲಿಗೂ ಅದೇ ಸೊನ್ನೆ.

ಇನ್ನೊಂದು ತೊಡಕು ದೂರು ಕೊಡುವಾಗ ಬರುತ್ತದೆ. ‘ಒರಿಜಿನಲ್’ ಅಂತ ಹೇಳಿ ನಕಲಿ ಕಳಿಸಿದ್ದರೆ ನಿಮ್ಮ ದೂರಿಗೆ ಬಲವಿದೆ. ಅಸಲಿಯೆಂದು ಸುಳ್ಳು ಹೇಳಿ ಮಾರಿದ ಮಾಲನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರತ್ಯೇಕವಾಗಿಯೇ ಹೆಸರಿಸಿದೆ. ‘ಫಸ್ಟ್ ಕಾಪಿ’ ಅಂತ ಗೊತ್ತಿದ್ದೇ ತರಿಸಿ, ಆಮೇಲೆ ಗುಣಮಟ್ಟ ಸರಿಯಿಲ್ಲ ಅಂದರೆ ನಿಮ್ಮ ವಾದ ತೀರಾ ದುರ್ಬಲವಾಗುತ್ತದೆ. ಹೆಚ್ಚಿನವರು ಇದನ್ನು ಯೋಚಿಸುವುದೇ ದುಡ್ಡು ಹೋದ ಮೇಲೆ.

ಹಂತ 3: ನಮ್ಮ ಮಳೆಗೆ ಅದು ನಿಲ್ಲುತ್ತದೆಯೇ

ಬೆಂಗಳೂರಿನ ಆಫೀಸಿನಲ್ಲಿ ಎರಡು ವರ್ಷ ಓಡುವ ವಾಚ್ ಕೊಟ್ಟಿಗೆಹಾರದಲ್ಲಿ ಒಂದು ಮಳೆಗಾಲ ದಾಟುವುದು ಕಷ್ಟ. ಯಾಕೆಂದು ಬಿಡಿಸಿ ನೋಡೋಣ.

ವಾಚಿಗೆ ನೀರು ನುಗ್ಗುವ ದಾರಿ ಮೂರು: ಗಾಜಿನ ಅಂಚು, ಹಿಂಬದಿ ಮುಚ್ಚಳ, ಕೀ ತಿರುಗಿಸುವ ಗುಂಡಿ. ಒಳ್ಳೆಯ ವಾಚಿನಲ್ಲಿ ಈ ಮೂರೂ ಕಡೆ ರಬ್ಬರ್ ಅಥವಾ ನೈಲಾನ್ ರಿಂಗು ಇರುತ್ತದೆ. ಗುಂಡಿಯ ಒಳಗೊಂದು, ಕೇಸಿಗೆ ಕೂರಿಸಿದ ಪುಟ್ಟ ಕೊಳವೆಯಲ್ಲಿ ಇನ್ನೊಂದು. ಅಗ್ಗದ ನಕಲಿನಲ್ಲಿ ಮುಚ್ಚಳ ಸ್ಕ್ರೂ ಆಗಿರದೆ ಒತ್ತಿ ಕೂರಿಸಿದ್ದಾಗಿರುತ್ತದೆ, ರಿಂಗು ಒಣಗಿರುತ್ತದೆ ಅಥವಾ ಇರುವುದೇ ಇಲ್ಲ. ಗುಂಡಿ ಸ್ಕ್ರೂ ಆಗುವಂತೆ ಕಂಡರೂ ಒಳಗಿನ ಸ್ಕ್ರೂ ಗೆರೆ ಮೆತ್ತನೆಯ ಲೋಹದ್ದು. ದಿನಾ ಬಿಚ್ಚಿ ಹಾಕಿದರೆ ಕೆಲವೇ ತಿಂಗಳಲ್ಲಿ ಗೆರೆ ಸವೆದು ಗುಂಡಿ ನಿಲ್ಲುವುದಿಲ್ಲ. ಮುಚ್ಚಳದ ಮೇಲೆ 300 ಮೀಟರ್ ಅಂತ ಕೆತ್ತಿರುವುದು ಅಸಲಿಯಿಂದ ನಕಲು ಮಾಡಿದ ಅಕ್ಷರ, ಪರೀಕ್ಷೆಯ ಫಲಿತಾಂಶವಲ್ಲ. ಅಸಲಿ ವಾಚುಗಳಲ್ಲೂ 30 ಮೀಟರ್ ಎಂದರೆ ಕೈ ತೊಳೆಯುವಾಗಿನ ಹನಿಗೆ ಮಾತ್ರ ಸಾಕು, ಈಜಬೇಕೆಂದರೆ 100 ಮೀಟರ್ ಬೇಕು.

ನೀರು ಸುರಿದೇ ಒಳಗೆ ಹೋಗಬೇಕೆಂದಿಲ್ಲ. ಜುಲೈನಲ್ಲಿ ತೋಟದಲ್ಲಿ ಕೆಲಸ ಮಾಡುವಾಗ ಮೈಬಿಸಿಗೆ ಕೇಸು ಬೆಚ್ಚಗಾಗಿ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ವಾಚ್ ಬಿಚ್ಚಿ ಕಿಟಕಿ ಪಕ್ಕ ಇಟ್ಟಾಗ ತಣ್ಣಗಾಗಿ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಇದೇ ನಡೆದರೆ ಒಂದು ಬೆಳಿಗ್ಗೆ ಗಾಜಿನ ಒಳಬದಿಯಲ್ಲಿ ಮಂಜು ಕಾಣುತ್ತದೆ. ಮೊದಲು ತುಕ್ಕು ಹಿಡಿಯುವುದು ಗುಂಡಿಯ ಕಡ್ಡಿ ಮತ್ತು ಅದು ಸೇರುವ ಸಣ್ಣ ಸ್ಟೀಲ್ ಭಾಗಗಳು. ಗುಂಡಿ ಎಳೆದಾಗ ಕಡ್ಡಿಯೇ ಕೈಗೆ ಬರುವುದು ಇದರಿಂದ. ಆಮೇಲೆ ಡಯಲ್ ಬಣ್ಣ ಗುಳ್ಳೆ ಏಳುತ್ತದೆ, ತಾರೀಖಿನ ಚಕ್ರ ತಡೆಯುತ್ತದೆ.

ಮಂಜು ಕಂಡರೆ ಬಿಸಿಲಿಗೆ ಇಡಬೇಡಿ, ಅಕ್ಕಿ ಡಬ್ಬಿಗೂ ಹಾಕಬೇಡಿ. ಬಿಸಿಲಿಗೆ ನೀರು ಆವಿಯಾಗಿ ಗಾಜಿನಿಂದ ಮಷೀನಿಗೆ ಇಳಿಯುತ್ತದೆ, ಮುಚ್ಚಿದ ಕೇಸಿನೊಳಗಿನ ತೇವವನ್ನು ಅಕ್ಕಿ ಹೀರಲಾರದು. ಅವತ್ತೇ ರಿಪೇರಿಯವರ ಹತ್ತಿರ ಹೋಗಿ ಮುಚ್ಚಳ ತೆಗೆಸಿ, ಸೆಲ್ ಇದ್ದರೆ ಹೊರಗೆ ತೆಗೆಸಿ, ಒಣಗಿಸಿ. ಮಳೆಗಾಲದಲ್ಲಿ ಯಾವ ವಾಚೇ ಆಗಲಿ, ಕಟ್ಟದ ದಿನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ.

ಬೆವರಿನ ಮಾತೂ ಇದೆ. ಅಗ್ಗದ ಕೇಸು ಜಿಂಕ್ ಮಿಶ್ರಲೋಹ ಅಥವಾ ಹಿತ್ತಾಳೆಯದ್ದು, ಮೇಲೆ ತೆಳ್ಳನೆಯ ಲೇಪ. ಲೇಪ ಸವೆದಲ್ಲಿ ಮಣಿಕಟ್ಟು ಹಸಿರು, ಕಪ್ಪು ಆಗುತ್ತದೆ. ಲೇಪದಲ್ಲಿ ನಿಕಲ್ ಇದ್ದರೆ ಕೆಲವರಿಗೆ ತುರಿಕೆ, ಗುಳ್ಳೆ. ಆಯಸ್ಕಾಂತ ಹಿಡಿದು ಸ್ಟೀಲ್ ಪರೀಕ್ಷೆ ಮಾಡುವುದನ್ನು ಕೆಲವರು ಹೇಳಿಕೊಡುತ್ತಾರೆ, ಅದು ಉಪಯೋಗವಿಲ್ಲ. ವಾಚಿಗೆ ಬಳಸುವ 316ಎಲ್ ಸ್ಟೀಲು, ಹಿತ್ತಾಳೆ, ಜಿಂಕ್ ಮಿಶ್ರಲೋಹ ಮೂರನ್ನೂ ಆಯಸ್ಕಾಂತ ಹಿಡಿಯುವುದಿಲ್ಲ. ಅದರ ಮೇಲೆ ಮೆಕ್ಯಾನಿಕಲ್ ವಾಚಿನ ಕೂದಲೆಳೆಯಂಥ ಸ್ಪ್ರಿಂಗ್‌ಗೆ ಆಯಸ್ಕಾಂತ ಗುಣ ಹತ್ತಿ ವಾಚ್ ಮುಂದೆ ಓಡಲು ಶುರುಮಾಡುತ್ತದೆ.

ಹಂತ 4: ರಿಪೇರಿಯವರನ್ನು ಮೊದಲೇ ಕೇಳಿ

ಆರ್ಡರ್ ಮಾಡುವ ಮುನ್ನ ನಿಮ್ಮ ಪೇಟೆಯ ವಾಚ್ ರಿಪೇರಿ ಅಂಗಡಿಗೆ ಹೋಗಿ, ಮಾರುವವರು ಹೇಳಿದ ಮಷೀನಿನ ಹೆಸರು ಹೇಳಿ ವಿಚಾರಿಸಿ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಾಗಲಿ, ಹಾಸನದ ಬಿ.ಎಂ. ರಸ್ತೆಯಾಗಲಿ, ಕಣ್ಣಿಗೆ ಲೆನ್ಸ್ ಹಾಕಿ ಕೂತವರ ಐದು ನಿಮಿಷದ ಮಾತು ಹತ್ತು ರೀಲ್‌ಗಿಂತ ಹೆಚ್ಚು ಕಲಿಸುತ್ತದೆ. ಮಾರುವವರಿಗೆ ಮೂರು ಪ್ರಶ್ನೆ ಕಳಿಸಿ: ಮಷೀನಿನ ನಂಬರ್ ಏನು, ಮುಚ್ಚಳ ತೆಗೆದ ಫೋಟೋ ಕೊಡುತ್ತೀರಾ, ಗಾಜು ಮಿನರಲ್ಲೋ (ಮಾಮೂಲಿ ಗಾಜು) ಸಫೈರೋ (ಸುಲಭವಾಗಿ ಗೀರು ಬೀಳದ್ದು)? ಉತ್ತರವಾಗಿ ‘ಜಪಾನೀಸ್ ಮಷೀನ್ ಬ್ರೋ, ಫುಲ್ ಹೆವಿ’ ಅಂತ ಬಂದರೆ ಒಳಗೇನಿದೆ ಅಂತ ಅವರಿಗೂ ಗೊತ್ತಿಲ್ಲ.

ಕ್ವಾರ್ಟ್ಜ್ ನಕಲು ಕೆಟ್ಟರೆ ಅದನ್ನು ರಿಪೇರಿ ಮಾಡುವುದಿಲ್ಲ, ಮಷೀನನ್ನೇ ಬದಲಿಸುತ್ತಾರೆ. ಮಿಯೋಟಾ ಆಗಿದ್ದರೆ ಸುಲಭ. ಆಟೋಮ್ಯಾಟಿಕ್‌ನಲ್ಲಿ ತಾಪತ್ರಯ ಶುರುವಾಗುತ್ತದೆ. ಇಟಿಎ 2824ರ ನಕಲು ಕೆಟ್ಟಿತು, ಅದರ ಜಾಗಕ್ಕೆ ಸುಲಭವಾಗಿ ಸಿಗುವ ಸೀಕೋ ಎನ್‌ಎಚ್ 35 ಹಾಕೋಣ ಅಂದುಕೊಳ್ಳಿ. ಎರಡರಲ್ಲೂ ಗಂಟೆ ಮುಳ್ಳಿನ ತೂತು 1.50 ಮಿಲಿಮೀಟರ್, ನಿಮಿಷದ್ದು 0.90. ಆದರೆ ಸೆಕೆಂಡ್ ಮುಳ್ಳಿಗೆ 2824ರಲ್ಲಿ 0.25, ಎನ್‌ಎಚ್ 35ರಲ್ಲಿ 0.20. ಹಳೆಯ ಮುಳ್ಳು ಹೊಸ ಮಷೀನಿನ ಮೇಲೆ ಸಡಿಲವಾಗಿ ಕೂತು, ಒಂದು ಸಲ ಕೈ ಕುಲುಕಿದರೆ ಕಳಚಿ ಬೀಳುತ್ತದೆ. ಡಯಲ್ ಹಿಂದಿನ ಎರಡು ಪುಟ್ಟ ಕಾಲುಗಳ ಜಾಗವೂ ಬೇರೆ. ಆ ಕಾಲು ಕತ್ತರಿಸಿ ಅಂಟು ಹಾಕಿ ಕೂರಿಸಬೇಕಾಗುತ್ತದೆ. ಅಷ್ಟು ಕೆಲಸಕ್ಕೆ ಕೇಳುವ ಕೂಲಿ ನ್ಯಾಯವಾದದ್ದೇ, ಆದರೆ ಆ ದುಡ್ಡಿಗೆ ಹೊಸ ವಾಚೇ ಬರುತ್ತದೆ. ‘ಸೂಪರ್ ಕ್ಲೋನ್’ ಕಥೆ ಇನ್ನೂ ಕಷ್ಟ. ಬಿಡಿಭಾಗ ಸಿಗುವುದಿಲ್ಲ, ಕಂಪನಿಯ ಸರ್ವೀಸ್ ಸೆಂಟರ್‌ಗೆ ತೆಗೆದುಕೊಂಡು ಹೋದರೆ ನಕಲಿಯನ್ನು ಮುಟ್ಟುವುದಿಲ್ಲ. ನಲವತ್ತು, ಐವತ್ತು ಸಾವಿರ ಕೊಟ್ಟು ಇಂಥದ್ದು ತರಿಸುವುದು ನಮ್ಮ ಪ್ರಕಾರ ಮೂರು ಸಾವಿರದ ನಕಲಿಗಿಂತ ದೊಡ್ಡ ತಪ್ಪು.

ಹಂತ 5: ಮಾರುವವರ ಪೂರ್ವಾಪರ

ಇದು ಯಾವ ವಾಚ್ ಕೊಳ್ಳುವಾಗಲೂ ಬೇಕು. ಇನ್‌ಸ್ಟಾಗ್ರಾಂ ಪೇಜ್‌ನ ಮೂರು ಚುಕ್ಕಿ ಒತ್ತಿ, ಖಾತೆಯ ಬಗೆಗಿನ ಮಾಹಿತಿ ತೆರೆಯಿರಿ. ಖಾತೆ ಶುರುವಾದ ತಿಂಗಳು ಅಲ್ಲಿ ಸಿಗುತ್ತದೆ, ಹೆಸರು ಎಷ್ಟು ಸಲ ಬದಲಾಗಿದೆ ಎಂಬುದೂ ಕಾಣಬಹುದು. ನಿನ್ನೆವರೆಗೆ ಶೂ ಮಾರುತ್ತಿದ್ದ ಪೇಜ್ ಇವತ್ತು ವಾಚ್ ಹೌಸ್ ಆಗಿದ್ದರೆ, ಕಾಮೆಂಟ್ ಮುಚ್ಚಿದ್ದರೆ, ಅಲ್ಲಿಗೇ ಬಿಡಿ. ವೆಬ್‌ಸೈಟ್ ಆದರೆ 2020ರ ಇ-ಕಾಮರ್ಸ್ ನಿಯಮದಂತೆ ಕಂಪನಿಯ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ಹಾಕಿರಲೇಬೇಕು. ಜಿಎಸ್‌ಟಿ ನಂಬರ್ ಕೇಳಿ. 15 ಅಕ್ಷರಗಳಿರುತ್ತವೆ, ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ದೆಹಲಿಗೆ 07. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಕಾಣುತ್ತದೆ.

ದುಡ್ಡು ಕೇಳುವ ರೀತಿ ಗಮನಿಸಿ. ‘ಕ್ಯಾಶ್ ಆನ್ ಡೆಲಿವರಿ, ಆದರೆ 500 ಅಡ್ವಾನ್ಸ್’ ಅನ್ನುವಲ್ಲಿ ಎಷ್ಟೋ ಸಲ ಆ 500ಕ್ಕಾಗಿಯೇ ಇಡೀ ಜಾಹೀರಾತು ಇರುತ್ತದೆ. ಆಮೇಲೆ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಇನ್ನೂ 1,200 ಕಳಿಸಿ ಎಂಬ ಮೆಸೇಜ್ ಬರುತ್ತದೆ. ರೀಫಂಡ್‌ಗಾಗಿ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅದು ಖಂಡಿತ ಮೋಸ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಯಾವತ್ತೂ ಬೇಡ.

ಹಂತ 6: ಪಾರ್ಸೆಲ್ ಬಂದಾಗ

ಅಸಲಿ ಎಂದು ನಂಬಿ ತರಿಸಿದವರು ವಿಶೇಷವಾಗಿ ಇದನ್ನು ಮಾಡಿ. ಸೀಲ್ ಒಡೆಯುವ ಮುಂಚಿನಿಂದ, ವಿಳಾಸದ ಚೀಟಿ ಕಾಣುವಂತೆ, ನಡುವೆ ಕತ್ತರಿಸದೆ ವಿಡಿಯೋ ಮಾಡಿ. ಗಾಜಿನ ಸುತ್ತ ತಿರುಗುವ ರಿಂಗಿದ್ದರೆ ಎಣಿಸಿ: ಈಗಿನ ಸಬ್‌ಮರೀನರ್‌ನದು ಒಂದು ಸುತ್ತಿಗೆ 120 ಕ್ಲಿಕ್, ಒಂದೇ ದಿಕ್ಕಿಗೆ ತಿರುಗುತ್ತದೆ. ತಾರೀಖಿನ ಮೇಲಿನ ಉಬ್ಬು ಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸಬೇಕು. ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಸೆಕೆಂಡ್ ಮುಳ್ಳಿನ ವಿಡಿಯೋ ಮಾಡಿ ಹೆಜ್ಜೆ ಎಣಿಸಿದರೆ ಸೆಕೆಂಡಿಗೆ ಆರು ಬಂದರೆ ಮಷೀನು ಗಂಟೆಗೆ 21,600 ಬಡಿತದ್ದು, ಎಂಟು ಬಂದರೆ 28,800ರದ್ದು. ಆದರೆ ಎಂಟು ಬಂದ ಮಾತ್ರಕ್ಕೆ ಅಸಲಿ ಅಂತಲ್ಲ, 2824ರ ನಕಲೂ ಎಂಟೇ ಹೆಜ್ಜೆ ಇಡುತ್ತದೆ. ರಾತ್ರಿ 9ರಿಂದ ಬೆಳಗಿನ 3ರ ನಡುವೆ ತಾರೀಖು ಬದಲಿಸಬೇಡಿ. ಆ ಹೊತ್ತಿಗೆ ಹಲ್ಲುಗಳು ಕೂಡಿಕೊಂಡಿರುತ್ತವೆ, ಒತ್ತಾಯಿಸಿದರೆ ಮುರಿಯುತ್ತವೆ.

ಅಗ್ಗದ ಕ್ಯಾಸಿಯೋಗೂ ನಕಲಿ ಇದೆ. ಎಫ್-91 ಡಬ್ಲ್ಯೂ ಕೊಂಡಿದ್ದರೆ ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ, ಅಸಲಿಯಾದರೆ ಪರದೆಯ ಮೇಲೆ ಕ್ಯಾಸಿಯೋ ಅಂತ ಬರುತ್ತದೆ. ಚೆನ್ನಾಗಿ ಮಾಡಿದ ನಕಲಿಯಲ್ಲೂ ಇದು ಬರಬಹುದು, ಹಾಗಾಗಿ ಬಾರದಿದ್ದರೆ ನಕಲಿ ಎನ್ನಲು ಮಾತ್ರ ಇದನ್ನು ಬಳಸಿ.

ಮೋಸವಾಗಿದ್ದರೆ ತಡಮಾಡಬೇಡಿ. ದುಡ್ಡು ಹೋಗಿ ಮಾಲೇ ಬಂದಿಲ್ಲ ಅಂದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ಹಾರುವ ಮುನ್ನ ತಡೆಹಿಡಿಯಲು ಅಲ್ಲಿ ಅವಕಾಶವಿದೆ. ಅಸಲಿ ಅಂತ ನಕಲಿ ಕಳಿಸಿದ್ದರೆ ಮೊದಲು ಮಾರಾಟಗಾರರಿಗೆ ಬರಹದಲ್ಲಿ ದೂರು ಕೊಡಿ. ನಿಯಮದಂತೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊಡದಿದ್ದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಾಲಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಹಾಕಬೇಕು.

ಹಂತ 7: ಅದೇ ದುಡ್ಡಿಗೆ ಏನು ಬರುತ್ತದೆ

ಮೂರು ಸಾವಿರದೊಳಗೆ ಸೊನಾಟಾ, ಟೈಟಾನ್, ಕ್ಯಾಸಿಯೋಗಳ ಅಸಲಿ ವಾಚುಗಳೇ ಇವೆ, ಬಿಲ್ ಮತ್ತು ವಾರಂಟಿ ಸಮೇತ. ತಾಲ್ಲೂಕು ಪೇಟೆಯಲ್ಲೂ ಸರ್ವೀಸ್‌ಗೆ ಒಂದು ದಾರಿ ಸಿಗುತ್ತದೆ. ಸಬ್‌ಮರೀನರ್‌ನಂಥ ಡೈವರ್ (ನೀರಿಗೆ ಮುಳುಗುವವರ ವಾಚಿನ) ರೂಪವೇ ಬೇಕು, ತೋಟಕ್ಕೂ ಕಟ್ಟಿಕೊಂಡು ಹೋಗಬೇಕು ಅನ್ನುವವರಿಗೆ ನಾವು ಮೊದಲು ಹೇಳುವುದು ಕ್ಯಾಸಿಯೋದ ಎಂಡಿವಿ-107. 200 ಮೀಟರ್ ನೀರು ತಡೆಯುತ್ತದೆ, ಗುಂಡಿ ಸ್ಕ್ರೂ ಆಗುತ್ತದೆ, ಒಳಗೆ ಕ್ವಾರ್ಟ್ಜ್. ಕೇಸು 44 ಮಿಲಿಮೀಟರ್ ಇರುವುದರಿಂದ ಸಣ್ಣ ಮಣಿಕಟ್ಟಿನವರು ಕಟ್ಟಿ ನೋಡಿ ಕೊಳ್ಳಿ. ಹೋಮೇಜ್ ಕೊಳ್ಳುವುದಾದರೆ ಎನ್‌ಎಚ್ 35 ಮಷೀನು ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ ಓಡುವುದು ಅದರ ಅಂಗೀಕೃತ ಮಿತಿ. ಕೀ ಪೂರ್ತಿ ತುಂಬಿದ್ದರೆ ಬಿಚ್ಚಿಟ್ಟ ಮೇಲೂ 41 ಗಂಟೆ ನಡೆಯುತ್ತದೆ.

ಹಳೆಯ ವಾಚಿನ ಆಸೆಯಿರುವವರು ಎಚ್‌ಎಂಟಿ ಜನತಾ ಹುಡುಕುತ್ತಾರೆ. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಶುರುಮಾಡಿ, ತುಮಕೂರಿನಲ್ಲೂ ಕಾರ್ಖಾನೆ ಹೊಂದಿದ್ದ ಕಂಪನಿಯ ಈ ವಾಚಿಗೆ 17 ಕಲ್ಲು (ಒಳಗಿನ ಸವೆತ ತಡೆಯುವ ಜ್ಯುವೆಲ್), ದಿನಾ ಕೈಯಲ್ಲಿ ಕೀ ಕೊಡಬೇಕು. ನಮ್ಮ ಕಡೆಯ ಎಷ್ಟೋ ಮನೆಗಳ ಬೀರುವಿನಲ್ಲಿ ಈಗಲೂ ಒಂದು ಇರುತ್ತದೆ. ಆನ್‌ಲೈನ್‌ನಲ್ಲಿ ಹುಡುಕುವ ಮುಂಚೆ ಅದನ್ನು ತೆಗೆದು ಸರ್ವೀಸ್ ಮಾಡಿಸಿ. ಆನ್‌ಲೈನ್‌ನಲ್ಲಿ ಬರುವ ಹೊಳೆಯುವ ಗಿಳಿಹಸಿರು, ಕಿತ್ತಳೆ ಡಯಲ್‌ಗಳು ಹೆಚ್ಚಾಗಿ ಮತ್ತೆ ಬಣ್ಣ ಹೊಡೆದವು. ಹಳೆಯ ಸೀಕೋ 5ರಲ್ಲಿ ಈ ಹಾವಳಿ ಇನ್ನೂ ಹೆಚ್ಚು. ಅದಕ್ಕೊಂದು ಪರೀಕ್ಷೆ: ಡಯಲ್‌ನಲ್ಲಿ ಆರರ ಕೆಳಗೆ ಅತಿ ಸಣ್ಣ ಅಂಕಿಗಳಿರುತ್ತವೆ. ಅದರ ಮೊದಲ ನಾಲ್ಕು ಅಂಕಿ, ಉದಾಹರಣೆಗೆ 7009, ಮುಚ್ಚಳದ ಮೇಲಿನ ಮೊದಲ ನಾಲ್ಕಕ್ಕೆ ತಾಳೆಯಾಗಬೇಕು. ಡಯಲ್‌ನಲ್ಲಿ ಅಂಕಿಯೇ ಇಲ್ಲವಾದರೆ ಬಣ್ಣ ಹೊಡೆದದ್ದೇ ಎಂದುಕೊಳ್ಳಿ.

ಮದುವೆಯಲ್ಲಿ ವರನಿಗೆ ಕೊಡಲು ಅಂತ ನಕಲು ತರಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಕಟ್ಟಿಕೊಂಡವರು ಅಸಲಿ ಅಂತಲೇ ನಂಬಿ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಮುಚ್ಚಳ ತೆಗೆಸುತ್ತಾರೆ. ಬಜೆಟ್ ಎರಡು ಸಾವಿರವಾದರೆ ಎರಡು ಸಾವಿರದ ಟೈಟಾನ್ ಅಥವಾ ಸೊನಾಟಾ ಕೊಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ದಿನಾಂಕ ಹಾಕಿಸಿ, ಬಿಲ್ಲಿನ ಜೊತೆ ವಾಚಿನ ಬಾಕ್ಸ್‌ನಲ್ಲೇ ಇಟ್ಟುಕೊಡಿ. ಬಿಲ್ಲಿನ ಒಂದು ಫೋಟೋ ನಿಮ್ಮ ಮೊಬೈಲ್‌ನಲ್ಲೂ ಇರಲಿ, ಥರ್ಮಲ್ ಪೇಪರಿನ ಅಕ್ಷರ ಒಂದೆರಡು ವರ್ಷದಲ್ಲೇ ಮಾಸಿಹೋಗುತ್ತದೆ.